ಎಲ್ಲದಕ್ಕೂ ಹೌದು

ನನ್ನ ಹೆಂಡತಿಗೆ ನನಗಿಂತ ಅವಳ ಲ್ಯಾಪ್‌ಟಾಪ್ ಮೇಲೆ ನಂಬಿಕೆ ಜಾಸ್ತಿ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. (ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ಆದರೆ ನೀವು ಯಾರಿಗೂ ಹೇಳಬೇಡಿ.) ಅದು ಮಾತಾಡಿದರೆ ಅವಳು ತಲೆ ಅಲ್ಲಾಡಿಸುತ್ತಾ "ಹೂಂ, ಹೂಂ" ಎಂದು ಕೇಳುತ್ತಾಳೆ. ನಾನು ಮಾತಾಡಿದರೆ "ಆಮ್ಯಾಲೆ ಹೇಳ್ರಿ" ಅನ್ನುತ್ತಾಳೆ. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಆ 'ಆಮ್ಯಾಲೆ' ಇನ್ನೂ ಬಂದಿಲ್ಲ.

ಶಾಂತಕುಮಾರಿಗೆ ನಾಲ್ಕನೇ ವಯಸ್ಸಿನಿಂದ ಕಣ್ಣು ಕಾಣುವುದಿಲ್ಲ. ಅದರಿಂದ ಅವಳಿಗೆ ತೊಂದರೆಯಾದದ್ದನ್ನು ನಾನು ಕಂಡಿಲ್ಲ, ಆದದ್ದೆಲ್ಲ ನನಗೇ. ಅಡುಗೆಮನೆಯಲ್ಲಿ ನಾನು ಡಬ್ಬಿಯ ಮುಚ್ಚಳ ತೆಗೆದರೆ ಹಾಲ್‌ನಲ್ಲಿ ಕೂತೇ "ಗೋಡಂಬಿ ಹಬ್ಬಕ್ಕೆ ತಂದಿದ್ದು, ಮುಚ್ರಿ" ಅನ್ನುತ್ತಾಳೆ. ಒಂದು ಸಹಕಾರಿ ಬ್ಯಾಂಕಿನಲ್ಲಿ ಅವಳು ಟೆಲಿಫೋನ್ ಆಪರೇಟರ್. ಈಚೆಗೆ ಬ್ಯಾಂಕಿನವರು ಫೋನ್ ಎತ್ತಲು ಯಂತ್ರ ಕೂರಿಸಿದ ಮೇಲೆ ಅವಳಿಗೆ ಕುರ್ಚಿ ಉಳಿಯಿತು, ಕೆಲಸ ಉಳಿಯಲಿಲ್ಲ. "ಸುಮ್ನೆ ಕುಂತು ಸಂಬಳ ತಗೊಳ್ಳಾಕ ನನ್ ಕೈಲಿ ಆಗಲ್ರಿ" ಎಂದು ಆರು ತಿಂಗಳಿಂದ ಒಳಗೊಳಗೇ ಕುದಿಯುತ್ತಿದ್ದಳು. ಅಷ್ಟರಲ್ಲಿ, ಕಣ್ಣಿಲ್ಲದವರಿಗೆ ಮನೆಯಲ್ಲೇ ಕೂತು ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಯವರು ಶಿಕ್ಷಕಿ ಬೇಕೆಂದರು. ಸೋಮವಾರ ಹನ್ನೊಂದಕ್ಕೆ ಆನ್‌ಲೈನಿನಲ್ಲಿ ಅವಳ ಪರೀಕ್ಷಾ ಪಾಠ, ಬ್ಯಾಂಕಿಗೆ ರಜೆ ಹಾಕಿದ್ದಳು. ಆ ಪಾಠ ಗೆದ್ದರೆ ಕೆಲಸ ಅವಳದು.

ಈಗ ಆ ಲ್ಯಾಪ್‌ಟಾಪಿನ ವಿಷಯ. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ಸಾಫ್ಟ್‌ವೇರ್ ಅದರಲ್ಲಿದೆ. ದನಿ ಹೇಗಿರಬೇಕು, ಎಷ್ಟು ವೇಗದಲ್ಲಿ ಓದಬೇಕು, ಯಾವ ಊರಿನ ಹೆಸರನ್ನು ಹೇಗೆ ಹೇಳಬೇಕು, ಯಾವ ಗುಂಡಿ ಒತ್ತಿದರೆ ಸುಮ್ಮನಿರಬೇಕು ಎಂದು ಎಂಟು ವರ್ಷ ಕೂತು ಅವಳು ಅದನ್ನು ಪಳಗಿಸಿದ್ದಾಳೆ. ವೇಗವಂತೂ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ನನಗೆ ಇಷ್ಟು ವರ್ಷದಲ್ಲಿ ಅದರ ಒಂದು ಶಬ್ದವೂ ತಿಳಿದಿಲ್ಲ. ಅವಳು ಮಾತ್ರ ನಡುನಡುವೆ ನಗುತ್ತಾಳೆ.

ನಾನು ಕೊಟ್ಟೂರೇಶ್. ದಾವಣಗೆರೆಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಸುತ್ತಲಿನ ಹಳ್ಳಿಗಳ ಎಷ್ಟೋ ಬೋರ್‌ವೆಲ್ ಮೋಟಾರುಗಳು ನನ್ನ ಹಸ್ತದಿಂದ ಪುನರ್ಜನ್ಮ ಪಡೆದಿವೆ. ಹಳೆಯ ತಂತಿ ಕೀಳು, ಹೊಸ ತಂತಿ ಸುತ್ತು: ಇದು ನನ್ನ ಕಸುಬು, ಇದೇ ನನ್ನ ವೇದಾಂತ. ಇಂಥ ಮನುಷ್ಯನ ಮನೆಯಲ್ಲೊಂದು ಯಂತ್ರವಿದ್ದು ಅದನ್ನು ಅವನು ಮುಟ್ಟಬಾರದು ಎಂದರೆ ಅದು ಎಂಥ ಅವಮಾನ, ನೀವೇ ಹೇಳಿ.

ಭಾನುವಾರ ಹರಿಹರದಲ್ಲಿ ಅವಳ ತಂಗಿ ಅಂಕಿತಾಳ ಸೀಮಂತ. ಬೆಳಿಗ್ಗೆ ಬೈಕಿನಲ್ಲಿ ಅವಳನ್ನು ತವರಿಗೆ ಬಿಡಲು ಹೊರಟೆ. ಅಲ್ಲಿ ಗಂಡಸರಿಗೆ ಊಟದ ತನಕ ಕುರ್ಚಿ ಸರಿಸುವುದು ಬಿಟ್ಟರೆ ಬೇರೆ ಪಾತ್ರವಿಲ್ಲವಾದ್ದರಿಂದ, ಅಂಗಡಿಯಲ್ಲಿ ಅರ್ಜೆಂಟ್ ಮೋಟಾರ್ ಇದೆ, ಸಂಜೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಬಾಗಿಲಿಗೆ ಬೀಗ ಹಾಕುವಾಗ ಅವಳು ಹೇಳಿದಳು:

"ಲ್ಯಾಪ್‌ಟಾಪ್ ಮುಟ್ಟಬ್ಯಾಡ್ರಿ."

"ನಾನ್ಯಾಕ ಮುಟ್ಲಿ?"

"ಒರಸಾಕೂ ಬ್ಯಾಡ್ರಿ."

"ಮತ್ತೆ ಧೂಳು ಕೂತಿದ್ರೆ?"

"ಧೂಳಿನಿಂದ ಇಲ್ಲೀತನಕ ಏನೂ ತೊಂದ್ರೆ ಆಗಿಲ್ಲ. ಕುಂತಿರ್ಲಿ ಬಿಡ್ರಿ."

ಅವಳನ್ನು ಬಿಟ್ಟು, ಮಾವ ನಾಗರಾಜಪ್ಪನವರು ಕುರ್ಚಿಯ ಕಡೆ ಕೈ ತೋರಿಸುವ ಮೊದಲೇ ಪಾರಾಗಿ ಬಂದೆ. ಮನೆಯಲ್ಲಿ ಒಬ್ಬನೇ. ಎದುರಿಗೆ ಆ ಲ್ಯಾಪ್‌ಟಾಪ್. ನಾಳೆ ಹೆಂಡತಿಯ ಬದುಕಿನ ದೊಡ್ಡ ದಿನ, ಗಂಡನಾದವನು ಕನಿಷ್ಠ ಧೂಳಾದರೂ ಒರೆಸಬೇಡವೇ ಎಂದು ನನ್ನ ಆತ್ಮಸಾಕ್ಷಿ ಕೇಳಿತು. (ನನ್ನ ಆತ್ಮಸಾಕ್ಷಿ ಅವಳು ಮನೆಯಲ್ಲಿ ಇಲ್ಲದಾಗ ಮಾತ್ರ ಬಾಯಿ ಬಿಡುತ್ತದೆ.) ಒಣ ಬಟ್ಟೆ ತಂದು ಮುಚ್ಚಳ ಎತ್ತಿದೆ. ಶಾಂತಾ ಮುಚ್ಚಳವನ್ನು ಅರ್ಧ ಮಡಿಸಿಟ್ಟೇ ಒಳಗೆ ಬೆರಳಾಡಿಸುವವಳು. ಹಾಗಾಗಿ ಆ ಪರದೆಯನ್ನು ನಾನು ಸರಿಯಾಗಿ ನೋಡಿ ಎಷ್ಟೋ ಕಾಲವಾಗಿತ್ತು.

ಪರದೆ ಕಪ್ಪಗಿತ್ತು. ಗುಂಡಿ ಒತ್ತಿದೆ. ಒಳಗಿನಿಂದ ಸಾಸಿವೆ ಸಿಡಿಯಿತು, ಆದರೆ ಪರದೆ ಕಪ್ಪೋ ಕಪ್ಪು. ಪಾಪ, ಪರದೆ ಸತ್ತಿರುವುದು ಅವಳಿಗೆ ಗೊತ್ತೇ ಇಲ್ಲವಲ್ಲ! ನಾಳೆ ಪಾಠದ ಹೊತ್ತಿಗೆ ಯಂತ್ರ ಪೂರ್ತಿ ನಿಂತುಹೋದರೆ? ಇಂಥ ಗಳಿಗೆಗೆಂದೇ ದೇವರು ನನ್ನನ್ನು ಆ ಮನೆಯಲ್ಲಿ ಇಟ್ಟಿದ್ದಾನೆ ಎಂದು ಖಚಿತವಾಯಿತು. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎದೆಗವಚಿಕೊಂಡು ಹುಜೈಫಾನ ಅಂಗಡಿಗೆ ಓಡಿದೆ.

ಹುಜೈಫಾ ನನ್ನ ವಯಸ್ಸಿನವನೇ, ಕಂಪ್ಯೂಟರ್ ರಿಪೇರಿಯವನು. ಭಾನುವಾರ ಅರ್ಧ ಶಟರ್ ಎಳೆದುಕೊಂಡು ಚಹಾ ಕುಡಿಯುತ್ತಿದ್ದ. ಆಫ್ ಮಾಡಿ ಆನ್ ಮಾಡಿದ. ಬೆಳಕು ಬಂತು, ಚಿತ್ರ ಬಂತು, ಸಾಸಿವೆ ಸಿಡಿದ ಕೂಡಲೇ ಎಲ್ಲ ಮಾಯವಾಗಿ ಕಪ್ಪಾಯಿತು.

"ಅಣ್ಣಾ, ಪರದೆ ಚೆನ್ನಾಗೇ ಐತೆ. ಈ ಮಾತಾಡೋ ಸಾಫ್ಟ್‌ವೇರ್ ಎದ್ದ ತಕ್ಷಣ ಹೋಗ್ತಾ ಐತೆ. ಯಾಕೆ ಅಂತ ಅತ್ತಿಗೇನ ಒಂದ್ ಮಾತು ಕೇಳಿ."

"ಅವಳು ಸೀಮಂತದಾಗೆ ಅದಾಳೆ. ಗಾಬರಿ ಮಾಡೋದು ಬ್ಯಾಡ. ನೀನು ಅದನ್ನ ಕಿತ್ತು ಹೊಸದು ಹಾಕು."

"ಹಾಕಬಹುದು. ಆದ್ರೆ ಅವರು ಮಾಡ್ಕೊಂಡಿರೋ ಸೆಟ್ಟಿಂಗ್ಸ್ ಎಲ್ಲಾ ಹೋಗ್ತಾವೆ. ಪರ್ವಾಗಿಲ್ವಾ?"

"ಹಳೇ ಸೆಟ್ಟಿಂಗ್ಸ್ ಯಾರಿಗೆ ಬೇಕಪ್ಪಾ? ಹೊಸದು ಹೊಸದರಂಗೇ ಇರ್ಲಿ!"

ಹುಜೈಫಾ ನನ್ನ ಮುಖವನ್ನೊಮ್ಮೆ ನೋಡಿದ. "ಜವಾಬ್ದಾರಿ ನಿಮ್ದು" ಎಂದು ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಿಕೊಟ್ಟ. ಪರದೆ ಮದುವೆ ಮನೆಯಂತೆ ಝಗಮಗಿಸಿತು. ಆ ಖುಷಿಯಲ್ಲಿ ಒಂದು ಬೆಣ್ಣೆದೋಸೆ ತಿಂದೇ ಮನೆಗೆ ಬಂದೆ.

ಮನೆಯಲ್ಲಿ ಆನ್ ಮಾಡಿದರೆ ಒಂದು ಗಂಡು ದನಿ, ನೆಗಡಿ ಬಂದವರ ಹಾಗೆ, ಒಂದೊಂದೇ ಪದವನ್ನು ಎತ್ತಿ ಎತ್ತಿ ಇಟ್ಟಿತು. ನನಗೆ ಪ್ರತಿ ಶಬ್ದವೂ ತಿಳಿಯಿತು! ಎರಡು ನಿಮಿಷ ಹಿಗ್ಗಿದೆ. ಮೂರನೇ ನಿಮಿಷಕ್ಕೆ ಹೊಟ್ಟೆಯಲ್ಲಿದ್ದ ದೋಸೆ ತಣ್ಣಗಾಯಿತು. ನನಗೆ ತಿಳಿಯುತ್ತಿದೆ ಎಂದರೆ ಅದು ಅವಳದಲ್ಲ. ಎಂಟು ವರ್ಷ ಅವಳು ಪಳಗಿಸಿದ ಆ ದನಿ ಹೋಗಿತ್ತು. ಹುಜೈಫಾ ಕೇಳಿದ 'ಸೆಟ್ಟಿಂಗ್ಸ್' ಎಂದರೆ ಇದು ಎಂದು ಆಗ ಹೊಳೆಯಿತು.

ಆದರೆ ಸೋಲೊಪ್ಪುವ ವಂಶ ನಮ್ಮದಲ್ಲ. ದನಿಯನ್ನು ಹುಡುಕಿ ಹೆಣ್ಣು ಮಾಡಿದೆ. ಇನ್ನು ವೇಗ. ಅಳತೆ ಯಾವುದು? ಒಲೆ ಹಚ್ಚಿದೆ, ಬಾಣಲೆಗೆ ಎಣ್ಣೆ ಬಿಟ್ಟೆ, ಲ್ಯಾಪ್‌ಟಾಪನ್ನು ಗ್ಯಾಸ್ ಕಟ್ಟೆಯ ತುದಿಗೆ ಇಟ್ಟೆ. ಒಂದು ಚಮಚ ಸಾಸಿವೆ ಹಾಕಿ ಆ ಕಿವಿಗೆ ಅದು, ಈ ಕಿವಿಗೆ ಇದು ಎಂದು ಕೇಳುತ್ತಾ ವೇಗ ಏರಿಸುತ್ತಾ ಹೋದೆ. ನಾನು ಗುಂಡಿ ಹುಡುಕುವಷ್ಟರಲ್ಲಿ ಸಾಸಿವೆ ಸಿಡಿದು ಮುಗಿಯುತ್ತಿತ್ತು. ಮತ್ತೆ ಎಣ್ಣೆ, ಮತ್ತೆ ಸಾಸಿವೆ. ನಾಲ್ಕನೇ ಸಲಕ್ಕೆ ಪಕ್ಕದ ಮನೆಯ ನಿರ್ಮಲಮ್ಮನವರು ಮೂಗು ಮುಚ್ಚಿಕೊಂಡು ಬಂದರು.

"ಏನ್ ಸುಡ್ತಾ ಇದೀರಿ ಕೊಟ್ಟೂರೇಶಪ್ಪಾ?"

"ಸ್ಪೀಡ್ ನೋಡ್ತಾ ಇದೀನಿ ನಿರ್ಮಲಮ್ಮಾರೆ. ಶಾಂತಾನ ಕಂಪ್ಯೂಟರ್ ಹಿಂಗೇ ಮಾತಾಡ್ತಿತ್ತಾ?"

ಅವರು ಸೊಂಟದ ಮೇಲೆ ಕೈಯಿಟ್ಟು, ಕಿವಿಗೊಟ್ಟು ಕೇಳಿದರು. ಎಂಟು ವರ್ಷ ಗೋಡೆಯಾಚೆಯಿಂದ ಕೇಳಿದ ಅನುಭವಸ್ಥರು. "ಇನ್ನೂ ಜೋರು... ಇನ್ನೂ ಸ್ವಲ್ಪ... ಆಂ, ಅದು ಇಷ್ಟು ಸಣ್ಣ ದನಿ ಅಲ್ಲ. ಇದು ಬೆಕ್ಕು ಜಗಳ ಆಡಿದಂಗೈತೆ." ಅಷ್ಟು ಹೇಳಿ, ಸುಟ್ಟ ಒಗ್ಗರಣೆ ಹಾಳಾಗಬಾರದೆಂದು ನಾನು ಕಲಸಿದ ಮಂಡಕ್ಕಿಯನ್ನು ಒಂದು ಬೋಗುಣಿ ತೆಗೆದುಕೊಂಡು ಹೊರಟವರು, ಬಾಗಿಲಲ್ಲಿ ನಿಂತು ನೆನಪು ಮಾಡಿದರು: "ಅಲ್ರೀ, ಶಾಂತಾ ಎಲ್ಲಾನೂ ಒಂದು ಪೆನ್‌ಡ್ರೈವಿಗೆ ಹಾಕಿಟ್ಟೀನಿ ಅಂತಿದ್ದಳಲ್ಲ?"

ಅವರ ಕಾಲಿಗೆ ಬೀಳುವುದೊಂದು ಬಾಕಿ. ಮೇಜಿನ ಡ್ರಾಯರಿನಲ್ಲಿ, ಬೆರಳಿಗೆ ಸಿಗಲೆಂದು ದಾರದ ಗಂಟು ಹಾಕಿದ ಪೆನ್‌ಡ್ರೈವ್ ಇತ್ತು. ಅವಳ ಎಂಟು ವರ್ಷ ಅದರೊಳಗೆ ಬೆಚ್ಚಗೆ ಮಲಗಿತ್ತು. ಹುಜೈಫಾನಿಗೆ ಫೋನ್ ಹಚ್ಚಿದೆ.

"ಸುಲಭ ಅಣ್ಣಾ. ಪೆನ್‌ಡ್ರೈವ್‌ನಾಗೆ ಒಂದು ಫೋಲ್ಡರ್ ಐತಲ್ಲ, ಅದೇ ಹೆಸರಿಂದು ಲ್ಯಾಪ್‌ಟಾಪ್‌ನಾಗೂ ಐತೆ." ಅದು ಎಲ್ಲಿದೆ ಎಂದು ಹುಡುಕಿಸಿ ಹೇಳಿದ. "ಈಗ ಒಂದನ್ನ ಕಾಪಿ ಮಾಡಿ ಇನ್ನೊಂದ್ರ ಮೇಲೆ ಹಾಕ್ರಿ. ಆದ್ರೆ ಯಾವುದನ್ನ ಯಾವುದರ ಮೇಲೆ ಅಂದ್ರೆ..."

"ಅಷ್ಟು ಗೊತ್ತಾಗಲ್ವೇನಪ್ಪಾ ನಂಗೆ?" ಎಂದು ಫೋನ್ ಇಟ್ಟೆ.

ಇಲ್ಲಿ ನನ್ನ ವೇದಾಂತ ಕೆಲಸಕ್ಕೆ ಬಂತು. ಪೆನ್‌ಡ್ರೈವಿನಲ್ಲಿರುವುದು ಹಳೆಯದು. ಲ್ಯಾಪ್‌ಟಾಪಿನಲ್ಲಿರುವುದು ಈ ಬೆಳಿಗ್ಗೆ ಹಾಕಿಸಿದ್ದು, ಹೊಸದು. ಹಳೆಯದರ ಮೇಲೆ ಹೊಸದನ್ನು ಹಾಕುವುದೇ ತಾನೆ ಲೋಕದ ನಿಯಮ? ಹಾಕಿದೆ. ಪರದೆಯ ಮೇಲೆ ಒಂದು ಚೌಕ ಬಂದು, ಈ ಹೆಸರಿನ ಫೈಲುಗಳು ಇಲ್ಲಿ ಮೊದಲೇ ಇವೆ, ಇವುಗಳ ಜಾಗದಲ್ಲಿ ಹೊಸದನ್ನು ಇಡಲೇ ಎಂದು ಅತ್ಯಂತ ವಿನಯದಿಂದ ಕೇಳಿತು. ಹೌದು ಎಂದೆ. ಇನ್ನೊಂದಕ್ಕೆ ಕೇಳಿತು. ಹೌದು. ಪಕ್ಕದಲ್ಲಿ 'ಎಲ್ಲದಕ್ಕೂ ಹೌದು' ಎನ್ನುವ ಗುಂಡಿಯೂ ಇತ್ತು. ಹದಿನಾಲ್ಕು ವರ್ಷ ಸಂಸಾರ ಮಾಡಿದವನಿಗೆ ಇದಕ್ಕಿಂತ ಪರಿಚಯದ ಗುಂಡಿ ಉಂಟೇ? ಒತ್ತಿದೆ.

ದನಿ ಬದಲಾಗಲಿಲ್ಲ. ಬೆಕ್ಕು ಜಗಳ ಹಾಗೇ ಇತ್ತು. ಮತ್ತೆ ಹುಜೈಫಾ.

"ಎಲ್ಲಿಂದ ಎಲ್ಲಿಗೆ ಹಾಕಿದ್ರಿ ಅಣ್ಣಾ?"

ಹೇಳಿದೆ. ಅವನು ನಿಧಾನವಾಗಿ, ಸಾವಿನ ಮನೆಯಲ್ಲಿ ಮಾತಾಡುವವನ ಹಾಗೆ ಕೇಳಿದ: "ಅಣ್ಣಾ, ಅತ್ತಿಗೆ ಊರಿಂದ ಯಾವಾಗ ಬರ್ತಾರೆ?"

ನಾನು ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಕೆಡಿಸಿದ್ದು ಸಾಲದೆಂದು, ಪೆನ್‌ಡ್ರೈವಿನಲ್ಲಿ ಜೋಪಾನವಾಗಿದ್ದ ಪ್ರತಿಯನ್ನೂ ಅಳಿಸಿದ್ದೆ. ಇಲ್ಲಿಯೂ ಬೆಕ್ಕು, ಅಲ್ಲಿಯೂ ಬೆಕ್ಕು. ಎಂಟು ವರ್ಷ ಅವಳು ಪದ ಪದ ಜೋಡಿಸಿದ್ದನ್ನು ಒಂದು ಗುಂಡಿಯಲ್ಲಿ ನುಂಗಿಬಿಟ್ಟಿದ್ದೆ. ಆ ಕುರ್ಚಿಯಲ್ಲಿ ಸುಮ್ಮನೆ ಕೂತು ಬಂದು ಅವಳು ಸಂಜೆ ಸಂಜೆ ಸಪ್ಪಗಿರುತ್ತಿದ್ದುದು ನೆನಪಾಗಿ ನಿಜಕ್ಕೂ ಅಳು ಬಂತು. ತಮಾಷೆಗೆ ಹೇಳುತ್ತಿಲ್ಲ, ಗ್ಯಾಸ್ ಕಟ್ಟೆ ಒರೆಸುತ್ತಾ ಅತ್ತೆ.

ಸಂಜೆ ಹರಿಹರಕ್ಕೆ ಹೋದೆ. ಅವಳ ಕೈತುಂಬ ಹಸಿರು ಬಳೆ. ಬೈಕಿನ ಹಿಂದೆ ಕೂತು ಸೋಬಾನೆ ಪದ ಗುನುಗುತ್ತಿದ್ದಳು. ನಾಳೆಯ ಪಾಠದ ಖುಷಿ. ತಪ್ಪೊಪ್ಪಿಗೆಯ ಮೊದಲ ವಾಕ್ಯವನ್ನು ನಾನು ಮನಸ್ಸಿನಲ್ಲೇ ಹನ್ನೊಂದು ಬಗೆಯಲ್ಲಿ ಕಟ್ಟಿ ಹನ್ನೊಂದನ್ನೂ ಬಿಚ್ಚಿದೆ. ದಾರಿಯ ನಡುವಿನ ಬಾತಿ ಊರು ಬಂತು.

"ಯಾಕ ಇಷ್ಟು ನಿಧಾನ ಓಡಸ್ತೀರಿ?"

"ರೋಡ್ ಸರಿ ಇಲ್ಲ."

"ರೋಡ್ ಬೆಳಿಗ್ಗೆ ಚೆನ್ನಾಗಿತ್ತು. ಏನ್ ಮಾಡಿದ್ರಿ ಹೇಳ್ರಿ."

ಗಾಡಿ ಪಕ್ಕಕ್ಕೆ ಹಾಕಿ ಎಲ್ಲ ಹೇಳಿದೆ. ಕಪ್ಪು ಪರದೆ, ಹುಜೈಫಾ, ಸಾಸಿವೆ, ಮಂಡಕ್ಕಿ, ಪೆನ್‌ಡ್ರೈವ್. ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು. ಅವಳು ಬೈಯಲಿಲ್ಲ. ಬಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. "ಮನಿಗೆ ನಡೀರಿ" ಎಂದಳು, ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಊಟ ಮಾಡಿ, ಲ್ಯಾಪ್‌ಟಾಪನ್ನು ಮುಟ್ಟದೆ ಮಲಗಿದಳು. ಗೊರಕೆಯನ್ನೂ ಹೊಡೆದಳು.

ಸೋಮವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ನನಗೊಂದು ಸ್ಟೂಲ್ ತೋರಿಸಿ, "ಕೂಡ್ರಿ. ಕೈ ಕಟ್ಕಂಡು ಕೂಡ್ರಿ" ಎಂದಳು. ನಾನು ಕೈ ಕಟ್ಟಿಕೊಂಡು ಕೂತೆ. ಆ ಕಡೆ ಬೇರೆ ಬೇರೆ ಊರುಗಳಿಂದ ಇಪ್ಪತ್ತೆರಡು ಮಂದಿ ಕಲಿಯುವವರು, ಜೊತೆಗೆ ಸಂಸ್ಥೆಯ ಮುಖ್ಯಸ್ಥರಾದ ಅಂಜನ್ ಕುಮಾರ್. ಅವರೂ ಕಣ್ಣು ಕಾಣದವರೇ.

"ನಮಸ್ಕಾರ. ಇವತ್ತಿನ ಪಾಠ, ಸ್ಕ್ರೀನ್ ರೀಡರ್ ಸೆಟ್ಟಿಂಗ್ಸ್ ಉಳಿಸಿಟ್ಟುಕೊಳ್ಳೋದು ಹೆಂಗೆ, ಹೋದ್ರೆ ವಾಪಸ್ ತರೋದು ಹೆಂಗೆ" ಎಂದು ಶುರು ಮಾಡಿದಳು. ನನಗೆ ಪಾಠದ ವಿಷಯ ಗೊತ್ತಾದದ್ದೇ ಆಗ! "ಇದಕ್ಕೆ ಸೆಟ್ಟಿಂಗ್ಸ್ ಪೂರ್ತಿ ಹಾಳಾದ ಒಂದು ಕಂಪ್ಯೂಟರ್ ಬೇಕಿತ್ತು. ನಾನೇ ಹಾಳು ಮಾಡ್ಕೋಬೇಕು ಅಂದ್ಕೊಂಡಿದ್ದೆ. ನಮ್ಮನೆಯವರು ಆ ಕಷ್ಟ ತಪ್ಪಿಸ್ಯಾರೆ."

ಇಪ್ಪತ್ತೆರಡು ಮಂದಿ ನಕ್ಕರು. ಆಹಾ, ನನ್ನ ಮಾನ ಉಳಿಸಿದಳಲ್ಲ ಎಂದು ನಾನು ಸ್ಟೂಲಿನ ಮೇಲೆ ನೆಟ್ಟಗೆ ಕೂತೆ.

ಅವಳು ವೇಗ ಸ್ವಲ್ಪ ಇಳಿಸಿ ಬೆಕ್ಕಿನ ಜಗಳ ಬಿಡಿಸಿದಳು. ಆಮೇಲೆ ಇಂಟರ್ನೆಟ್ಟಿನಲ್ಲಿ ತನ್ನ ಹೆಸರಿನ ಒಂದು ಖಾತೆ ತೆರೆದಳು. ಅಲ್ಲಿ ಮೂರನೇ ಪ್ರತಿ ಇಟ್ಟಿದ್ದಳು! ನಾನು ಸ್ಟೂಲಿನಿಂದ ಬೀಳುವುದೊಂದು ಬಾಕಿ. ಕೆಳಗಿನ ಬಾಣದ ಗುಂಡಿ ಒತ್ತಿದಂತೆ ಯಂತ್ರ ಫೋಲ್ಡರುಗಳ ಹೆಸರನ್ನು ಸ್ಪಷ್ಟವಾಗಿ, ನನಗೂ ತಿಳಿಯುವಂತೆ ಓದತೊಡಗಿತು:

"ನಮ್ಮನೆಯವರು ಮುಟ್ಟಿದ ಮೇಲೆ, ಒಂದು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದು."

"ನಮ್ಮನೆಯವರು ಮುಟ್ಟಿದ ಮೇಲೆ, ಎರಡು. ಆಯುಧಪೂಜೆ, ಕೀಲಿಮಣೆಗೆ ಕುಂಕುಮ."

"ನಮ್ಮನೆಯವರು ಮುಟ್ಟಿದ ಮೇಲೆ, ಮೂರು. ಕ್ರಿಕೆಟ್ ನೋಡಿ, ನೋಡಿಲ್ಲ ಅಂದದ್ದು."

ನಾಲ್ಕು, ಫ್ಯಾನ್ ಸದ್ದು ಮಾಡುತ್ತದೆಂದು ಬಿಚ್ಚಿದ್ದು. ಐದು, ಬಿಚ್ಚಿದ್ದನ್ನು ಮುಚ್ಚಿದ್ದು. ಹೀಗೇ ಸಾಗಿತು. ಇಷ್ಟು ವರ್ಷ ನಾನು ಗುಟ್ಟಾಗಿ ಎಸಗಿ, ಸಿಕ್ಕಿಬೀಳದೆ ಪಾರಾದೆನೆಂದು ಬೀಗಿದ ಒಂದೊಂದು ಸಾಹಸಕ್ಕೂ ಒಂದೊಂದು ಫೋಲ್ಡರ್. ಇಪ್ಪತ್ತೆರಡು ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಕೊನೆಯದು:

"ನಮ್ಮನೆಯವರು ಮುಟ್ಟಿದ ಮೇಲೆ, ಒಂಬತ್ತು. ಅಂಕಿತಾಳ ಸೀಮಂತ. ಉಳಿಸಿದ್ದು ಶನಿವಾರ, ಸಂಜೆ ಆರೂವರೆ."

ನಾನು ಮುಟ್ಟಿದ್ದು ಭಾನುವಾರ! "ಲೇ ಶಾಂತಾ, ಮುಟ್ಟೋಕೆ ಮೊದ್ಲೇ ಹೆಂಗೆ..." ಎಂದು ಬಾಯಿ ಬಿಟ್ಟೆ. ಅವಳು ಶಾಂತವಾಗಿ ಕಲಿಯುವವರಿಗೆ ಹೇಳಿದಳು: "ಮೊದಲನೇ ಪಾಠ ಇದೇ. ಮನೆಯವರನ್ನ ಮನೇಲಿ ಬಿಟ್ಟು ಹೊರಗೆ ಹೋಗೋ ಹಿಂದಿನ ದಿನವೇ ಒಂದು ಪ್ರತಿ ಉಳಿಸಿಟ್ಟುಕೊಳ್ಳಿ. ಮನೆಯವರಿಗೆ ಸಿಗದ ಜಾಗದಲ್ಲಿ."

ಮುಂದಿನದು ನಾಲ್ಕು ನಿಮಿಷದ ಕೆಲಸ. ಪ್ರತಿಯನ್ನು ಇಳಿಸಿ, ಎಲ್ಲಿಂದ ಎಲ್ಲಿಗೆ ಹಾಕಬೇಕೆಂದು ಎರಡು ಸಲ ಬಿಡಿಸಿ ಹೇಳಿ (ಎರಡನೇ ಸಲ ನನ್ನ ಕಡೆ ತಿರುಗಿ), ಸ್ಕ್ರೀನ್ ರೀಡರನ್ನು ಮತ್ತೆ ಎಬ್ಬಿಸಿದಳು. ಚಟಪಟ ಚಟಪಟ! ಹಳೆಯ ಸಾಸಿವೆ! ಅದೇ ಕ್ಷಣ ಪರದೆ ಧಡ್ಡನೆ ಕಪ್ಪಾಯಿತು.

"ಅಯ್ಯಯ್ಯೋ, ಮತ್ತೆ ಹೋತು!" ಎಂದು ನಾನು ಮೈಕಿಗೇ ಕೂಗಿ ಎದ್ದು ನಿಂತೆ.

"ಎಲ್ಲಿಗೂ ಹೋಗಿಲ್ರಿ, ಕೂಡ್ರಿ. ಅದೂ ಒಂದು ಸೆಟ್ಟಿಂಗ್. ಪರದೆ ಕಪ್ಪಾಗಿರಲಿ ಅಂತ ನಾನೇ ಇಟ್ಟಿದ್ದು. ನಂಗೆ ಬೆಳಕು ಯಾಕ? ಹಿಂದೆ ನಿಂತು ನನ್ನ ಇ-ಮೇಲ್ ಓದೋರಿಗೆ ಕಾಣಬಾರ್ದು ಅಂತ."

ಹಿಂದೆ ನಿಂತು ಓದುವವರು ಯಾರೆಂದು ಯಾರೂ ಕೇಳಲಿಲ್ಲ. ಅಂಜನ್ ಕುಮಾರ್ ಅವರಿಗೆ ನಗು ತಡೆಯಲಾಗದೆ ಕೆಮ್ಮು ಬಂದು, ನೀರು ಕುಡಿದು ಬರುತ್ತೇನೆಂದು ಹೋದರು.

ಪಾಠ ಮುಗಿದ ಮೇಲೆ ಕೇಳಿದೆ: "ಅಲ್ಲ ಶಾಂತಾ, ಇನ್ನೊಂದು ಐತೆ ಅಂತ ನಿನ್ನೆ ಬಾತಿ ಹತ್ರಾನೇ ಹೇಳಿದ್ರೆ ನಾನು ರಾತ್ರಿಯೆಲ್ಲ ಸಂಕಟ ಪಡ್ತಿದ್ನಾ?"

"ಹೇಳ್ಬೇಕು ಅನ್ನಿಸ್ತು. ಪಾಪ, ಅಳೋ ದನಿ ಇತ್ತು ನಿಮ್ದು. ಆದ್ರೆ ಹೇಳಿದ್ರೆ ನೀವು ಅದನ್ನೂ ಸರಿ ಮಾಡಾಕ ಹೋಗ್ತಿದ್ರಿ" ಎಂದು ನನ್ನ ಕೈ ಹಿಡಿದು ನಕ್ಕಳು. ಅಷ್ಟು ಜೋರಾಗಿ ಅವಳು ನಕ್ಕು ಆರು ತಿಂಗಳಾಗಿತ್ತು.

ಮಾರನೇ ದಿನ ಅಂಜನ್ ಕುಮಾರ್ ಫೋನ್ ಮಾಡಿದರು. ಕೆಲಸ ಅವಳದೇ. ಆಮೇಲೆ, "ನಿಮ್ಮ ಯಜಮಾನರನ್ನೂ ನಾವು ಬಿಡೋದಿಲ್ಲ. ಅವರಂಥ ಅನುಭವಸ್ಥರು ನಮಗೆ ಬೇಕು" ಎಂದರು. ಕೊನೆಗೂ ಲೋಕ ನನ್ನ ತಾಂತ್ರಿಕ ಪ್ರತಿಭೆಯನ್ನು ಗುರುತಿಸಿತಲ್ಲ! ಅಂಗಡಿಗೆ ಹೋಗಿ ಇಬ್ಬರು ಗಿರಾಕಿಗಳಿಗೆ ಚಹಾ ಕುಡಿಸಿದೆ. ಮನೆಗೆ ಬಂದು ಹುದ್ದೆ ಏನೆಂದು ಕೇಳಿದೆ.

ಹುದ್ದೆ ಇದು: ಅಭ್ಯಾಸಕ್ಕೆಂದೇ ಇಟ್ಟ ಒಂದು ಕಂಪ್ಯೂಟರಿನ ಮುಂದೆ ಪ್ರತಿ ಸೋಮವಾರ ಹತ್ತೂವರೆಗೆ ನಾನು ಕೂತು, ಸ್ವಂತ ಬುದ್ಧಿಯಿಂದ, ಯಾರ ಸಲಹೆಯೂ ಇಲ್ಲದೆ, ಅದರ ಸೆಟ್ಟಿಂಗ್ಸನ್ನು ಸರಿಪಡಿಸಬೇಕು. ಹನ್ನೊಂದಕ್ಕೆ ಕಲಿಯುವವರು ದೂರದಿಂದಲೇ ಅದನ್ನು ವಾಪಸ್ ದಾರಿಗೆ ತರಬೇಕು. ಸಂಬಳವಿಲ್ಲ, ಗೌರವ ಹುದ್ದೆ. ಮೊದಲ ವಾರ ಅವರಿಗೆ ಒಂದು ಗಂಟೆ ಹಿಡಿಯಿತು, ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ. ಎರಡನೇ ವಾರ ಇಪ್ಪತ್ತು ನಿಮಿಷ. ಮೊನ್ನೆ ಸೋಮವಾರ ನಾನು ಬೆವರಿಳಿಸಿ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿ ಎದ್ದರೆ, ಒಂದೂವರೆ ನಿಮಿಷದಲ್ಲಿ ಎಲ್ಲ ಮೊದಲಿನಂತಾಯಿತು. ಶಾಂತಾ ಮೈಕ್ ಮುಚ್ಚಿ, ನನ್ನ ಕಡೆ ವಾಲಿ, ಮೆಲ್ಲಗೆ ಗದರಿದಳು:

"ಸ್ವಲ್ಪ ಮನಸ್ಸಿಟ್ಟು ಕೆಡಸ್ರಿ! ಪಾಪ, ಅವ್ರು ಕಲಿಯೋದು ಬ್ಯಾಡ್ವಾ?"